ಗೋಪಕಪಟ್ಟಣದಲ್ಲಿ, ಇಳಿತದ ಹೊತ್ತು

ಜುವಾರಿ ಸೇತುವೆ ಇಳಿದರೆ ಅಗಶಿ.
ಎಲ್ಲಿಗೆ, ಅಂದ ಕಂಡಕ್ಟರ್.
ಬಂದರಿಗೆ, ಅಂದೆ.
ಬಸ್ಸಿಗೆ ಬಸ್ಸೇ ನಕ್ಕಿತು.
ಬಂದರಿನಿಂದಲೇ ಹತ್ತಿದವನು ನಾನು, ವಾಸ್ಕೋದಲ್ಲಿ;
ಕೊರಳಲ್ಲಿನ್ನೂ ಮುರಗಾಂವಿನ ಪಾಸು,
ಉಗುರ ಸಂದಿಯಲ್ಲಿ ಅದಿರಿನ ಕೆಂಪು.

ಇಪ್ಪತ್ತೊಂಬತ್ತು ವರ್ಷ ಟ್ಯಾಲಿ ಗುಮಾಸ್ತ.
ಹಡಗಿನ ಹೊಟ್ಟೆಯಿಂದ ಬಂದದ್ದು, ಹೊಟ್ಟೆಗೆ ಹೋದದ್ದು:
ನಾಲ್ಕು ನಿಂತ ಗೆರೆ, ಅಡ್ಡ ಒಂದು.
ಮತ್ತೆ ನಾಲ್ಕು, ಮತ್ತೆ ಅಡ್ಡ.
ಇಷ್ಟೇ ನನ್ನ ಕೈಬರಹ.

ವಿಂಚಿನ ಬಾಶೆಸಾಬ ಬುತ್ತಿ ಬಿಚ್ಚುತ್ತ ಹೇಳಿದ್ದ:
"ಹೊಳಿ ಆಚೆ ನಮ್ಮ ಕದಂಬರ ಬಂದರ ಇತ್ತಂತ, ಖರೇನ.
ಅರಬರ ಹಡಗ ಬರತಿದ್ದುವಂತ. ಕಲ್ಲಾಗ ಕನ್ನಡ ಕೊರದಾರಂತ.
ಲೆಕ್ಕಾ ಬರಿಯಾಕ ನಿನ್ನಂಥಾಂವ ಒಬ್ಬ ಇದ್ದಿರಬೇಕ ನೋಡು."
ಹಲ್ಲಿಗೆ ಸಿಕ್ಕ ಮೀನಿನ ಮುಳ್ಳು ಆ ಮಾತು,
ಇಡೀ ಮಳೆಗಾಲ ನಾಲಿಗೆ ಅಲ್ಲೇ ಆಡಿತು.

"ನಮ್ಮ" ಅಂದದ್ದಕ್ಕೇ ಬಂದೆನೋ ಏನೋ.
ಅಪ್ಪ ಗುಳೇದಗುಡ್ಡದಿಂದ ಬಂದು ಬುಟ್ಟಿಯಲ್ಲಿ ಅದಿರು ಹೊತ್ತು
ಬಾಯಿನಾದ ಮರಳಲ್ಲಿ ಗುಡಿಸಲು ಹಾಕಿದವನು.
ಗುಡಿಸಲು ಕಿತ್ತ ದಿನ ಕೇಳಿದರು: ನಿಮ್ಮದು ಯಾವ ಊರು?
ಎಂಟುನೂರು ವರ್ಷದ ಕಲ್ಲೊಂದು ನನ್ನ ಪರ ಸಾಕ್ಷಿ ಹೇಳಿದರೆ
ಹೇಳಲಿ. ಸಣ್ಣ ಆಸೆ. ನಾಚಿಕೆಯೂ ಇತ್ತು.

ಹೊಳೆ ಸೆರಗು ಎತ್ತಿ ಕಟ್ಟಿಕೊಂಡು
ಆಚೆ ದಡಕ್ಕೆ ಸರಿದಿತ್ತು.
ಕಾಂಡ್ಲಾ ಗಿಡದ ಬೇರು, ಒಂಟಿ ಚಪ್ಪಲಿ, ಥರ್ಮಾಕೋಲು,
ಕೆಸರಿನಲ್ಲಿ ಒಸಡು ಕಾಣುವ ಹಲ್ಲಿನಂತೆ ಜಂಬಿಟ್ಟಿಗೆಯ ಸಾಲು.
ಇದೇ ರಾಜಬೀದಿ ಇರಬಹುದು.
ಯಾರದೋ ಬಿದ್ದ ಬಾವಿಗಟ್ಟೆಯೂ ಇರಬಹುದು.
ಸೇತುವೆಯ ಲಾರಿಗಳ ಗುಡುಗನ್ನು ತೆರೆ ಎಂದುಕೊಂಡು
ಎರಡು ಸಲ ತಿರುಗಿ ನೋಡಿದೆ.

ಮೊಣಕಾಲುದ್ದ ಕೆಸರಿನಲ್ಲಿ ಒಬ್ಬಳು ಮುದುಕಿ,
ಎಸ್ಪೆರಾಂಸ್ (ಹೆಸರು ಆಮೇಲೆ ಹೇಳಿದಳು),
ಕಾಲ್ಬೆರಳಲ್ಲೇ ತಡಕಿ ಚಿಪ್ಪು ಹೆಕ್ಕುತ್ತಿದ್ದಳು.
ಬಂದರು ಎಲ್ಲಿ?
ಸೊಂಟಕ್ಕೆ ಕೈಕೊಟ್ಟು ಮೆಲ್ಲನೆ ನೆಟ್ಟಗಾಗಿ
ನಾನು ಬಂದ ದಿಕ್ಕಿಗೇ ಬೆರಳು ಮಾಡಿದಳು: ವಾಸ್ಕೋ.
ಅದಲ್ಲ, ಹಳೇದು.
ಹಳೇದು ಹೊಳೆಗೆ ಗೊತ್ತು. ನನಗಿನ್ನೂ ಎಪ್ಪತ್ತಾರು.
ಕಲ್ಲು? ಬರೆದ ಕಲ್ಲು?
ಓ, ಬರೆದ ಕಲ್ಲು! ನನ್ನ ಹಿತ್ತಿಲಲ್ಲೇ ಇದೆ, ಬಾ.

ಹಂದಿಯ ದೊಡ್ಡಿ, ಒಣಹಾಕಿದ ಬಲೆ, ಬಾಳೆಬುಡದ ಬಚ್ಚಲ ನೀರು ದಾಟಿ
ಬಟ್ಟೆ ಒಗೆಯುವ ಕಲ್ಲು. ಕರಿ. ಅರ್ಧಾಳುದ್ದ.
ಕನ್ನಡಕ ಒರೆಸಿಕೊಂಡೆ. ಕುಕ್ಕರಗಾಲಲ್ಲಿ ಕೂತೆ.

ಬರೆದದ್ದು ಇತ್ತು.
ನಾಲ್ಕು ನಿಂತ ಗೆರೆ, ಅಡ್ಡ ಒಂದು.
ಮತ್ತೆ ನಾಲ್ಕು, ಮತ್ತೆ ಅಡ್ಡ.
ಇದ್ದಿಲಿನಲ್ಲಿ.

ಇದು ಪೊಂಪೇಯ್ ಕೊಡಬೇಕಾದದ್ದು, ಇದು ಹೋಟೆಲಿನವನದು,
ಇದು ಸತ್ತವನದು, ಅಳಿಸಲು ಮನಸ್ಸಾಗಿಲ್ಲ.
ಒಂದು ಗೆರೆ ಅಂದರೆ ಒಂದು ಡಬ್ಬ ಚಿಪ್ಪು.
ಮಳೆ ಬಂದರೆ ಹೋಗುತ್ತದೆ. ನೆನಪಿದ್ದಷ್ಟು ಮತ್ತೆ ಬರೆಯುತ್ತೇನೆ.

ಐದನೆಯದನ್ನು ಅಡ್ಡ ಹಾಕಲು ಯಾರು ಕಲಿಸಿದರು?
ಅಂಗೈ ತೋರಿಸಿ ಹೆಬ್ಬೆರಳು ಮಡಚಿದಳು:
ಕಲಿಸುವುದೇನು ಬಂತು?

ಮುಟ್ಟಹೋದೆ. ಬೇಡ, ಅಳಿಸೀತು, ಅಂದಳು.
ಕಲ್ಲಿನ ಕೆಳಮಗ್ಗುಲು ನೆಲದಲ್ಲಿ ಹೂತಿತ್ತು.
ಅಲ್ಲಿ ಏನಿದೆಯೋ.
ಮಗುಚಿ ನೋಡಲೇ ಎಂದು ಕೇಳಲಿಲ್ಲ.

ಹಳೇ ಪೇಪರಿನಲ್ಲಿ ಒಂದು ಡಬ್ಬ ಕಟ್ಟಿಕೊಟ್ಟಳು.
ನನ್ನ ಐನೂರರ ನೋಟಿಗೆ ಚಿಲ್ಲರೆ ಇಲ್ಲ.
ಬಂದಾಗ ಕೊಡು, ಎಂದು ಇದ್ದಿಲು ಎತ್ತಿಕೊಂಡು ಹೆಸರು ಕೇಳಿದಳು.
ನಿಜಲಿಂಗಪ್ಪ ಹಳ್ಳೂರ.
ಅಷ್ಟುದ್ದ ನನಗೆ ಬರೆಯಲು ಬಾರದು, ಎಂದು ನಕ್ಕು
ಖಾಲಿ ಮೂಲೆಯಲ್ಲಿ ಒಂದು ಗೆರೆ ಎಳೆದು
ಅದರ ತಲೆಗೆ ಎರಡು ಸೊನ್ನೆ ಇಟ್ಟಳು.
ಕನ್ನಡಕ. ಇದು ನೀನು.

ವಾಪಸು ಬಸ್ಸಿನಲ್ಲಿ, ತೊಡೆಯ ಮೇಲೆ,
ಒದ್ದೆ ಪೇಪರಿನೊಳಗೆ ಚಿಪ್ಪುಗಳು
ಟಿಕ್ ಎಂದು ಒಂದೊಂದೇ ಬಾಯಿ ಮುಚ್ಚಿಕೊಳ್ಳುತ್ತಿದ್ದವು.
ಸೇತುವೆಯಿಂದ ನೋಡಿದೆ: ಭರತ ಏರಿತ್ತು.
ರಾಜಬೀದಿಯೋ ಬಾವಿಗಟ್ಟೆಯೋ, ಕಾಣಲಿಲ್ಲ.
ಬಾಶೆಸಾಬ ಕೇಳಿದರೆ ಏನು ಹೇಳಲಿ?
ಎಷ್ಟು ದೂರದ ಲೆಕ್ಕವೂ ಬೆರಳಲ್ಲೇ ಮುಗಿಸುವ ನಾನು
ಎಣಿಸಿ ನೋಡಿದೆ.
ಮಳೆಗೆ ಇನ್ನು ಹನ್ನೊಂದು ವಾರ.