ತೂಕಕ್ಕೆ ತೂಕ

ಮನಾಮಾದ ಚಿನ್ನದ ಪೇಟೆಯ ಹಿಂದಿನ ಓಣಿಯಲ್ಲಿ
ನಾನು ಕರಗಿಸುವವನು.
ಮುಂದಿನ ಗಾಜಿನೊಳಗೆ ಮಿನುಗುವುದೆಲ್ಲ
ಒಮ್ಮೆ ನನ್ನ ಮೂಸೆಯಲ್ಲಿ ಕುದಿದದ್ದೇ.

ತಿಂಗಳಿಗೊಮ್ಮೆ ಬರುತ್ತಾನೆ ಝರೀನ್ ಗುಲ್,
ಅಕ್ಕಿಚೀಲದ ತುಂಬ ಹಳೆಬೆಳ್ಳಿ ಹೊತ್ತು:
ಮುರಿದ ಬಳೆ, ಮುದುಕಿಯರ ಕಂಠಿ, ತಾಯಿತದ ಕೊಳವೆ,
ಯಾರದೋ ಮದುವೆಯ ಅತ್ತರು ಇನ್ನೂ ಬಿಡದ ಗೊಂಚಲು.
ಎಲ್ಲಿಂದ ಎಂದು ನಾನು ಕೇಳುವುದಿಲ್ಲ.
ಕೇಳಿದರೆ ಅವನು ಚಹಾ ತರಿಸುತ್ತಾನೆ.

ಮೊದಲನೆಯದು ಸಿಕ್ಕಿದ್ದು ಒಂದು ಕಂಠಿಯಲ್ಲಿ,
ಕೊಂಡಿ ಬೆಸೆದು ಪದಕ ಮಾಡಿಬಿಟ್ಟಿದ್ದರು.
ಉಗುರಗಲ. ಉಗುಳು ಹಚ್ಚಿ ಉಜ್ಜಿದೆ,
ಕಪ್ಪಿನೊಳಗಿಂದ ಒಬ್ಬ ತರುಣ ಎದ್ದು ಬಂದ,
ತಲೆಗೆ ಪಟ್ಟಿ, ಮೂಗು ನಮ್ಮ ಕಡೆಯದ್ದಲ್ಲ.
ಮಿನಾಂಡರ್, ಅಂದಳು ಇಂಡಿಯನ್ ಸ್ಕೂಲಿನ ಏಲಿಯಮ್ಮ ಟೀಚರ್,
ಕಾಬೂಲಿನ ಕಣಿವೆ ಆಳಿದ ಗ್ರೀಕ.
ಒಂದು ಬದಿ ಅವನ ಲಿಪಿ, ಇನ್ನೊಂದು ಬದಿ ಆ ನೆಲದ್ದು,
ಬಲದಿಂದ ಎಡಕ್ಕೆ ಓದಬೇಕು,
ಇಲ್ಲಿಯ ಅಂಗಡಿ ಹಲಗೆಗಳ ಹಾಗೆ.
ಬೆರಳಿಟ್ಟು ಓದಿಸಿದಳು: ಮಹಾರಾಜಸ. ತ್ರಾತಾರಸ.

ತ್ರಾತಾರ!
ಕುಮಟೆಯಲ್ಲಿ ಅಜ್ಜ ಒದ್ದೆಪಂಚೆಯಲ್ಲಿ ನಿಂತು ಅನ್ನುತ್ತಿದ್ದ ಮಾತು
ಕೊಲ್ಲಿಯ ದಡದಲ್ಲಿ, ಯಾರದೋ ಕೊರಳಿನ ಕೊಳೆಯಿಂದ,
ನನ್ನ ಸುಟ್ಟ ಬೆರಳಿಗೆ ತಾಗಿತು.

ಎರಡೂವರೆ ಗ್ರಾಮಿಗೆ ಚೂರು ಕಮ್ಮಿ.
ಸಂಜೆ ತೂಕ ಸರಿಯಿರಲಿ, ಅಂದರು ಹಾಜಿ ಮನ್ಸೂರ್,
ಒಳಗೆ ಏನಿತ್ತೆಂಬುದು ಬೆಂಕಿಗೆ ಬಿಟ್ಟದ್ದು.
ಅವತ್ತು ರಾತ್ರಿ ಪೆಟ್ಟಿಗೆಯ ತಳದಿಂದ ತೆಗೆದೆ ಉಡಿದಾರ:
ಹನ್ನೆರಡನೇ ದಿನ ಅಜ್ಜಿ ಸೊಂಟಕ್ಕೆ ಕಟ್ಟಿದ್ದು,
ನಾನು ಬೆಳೆದ ಹಾಗೆ ಅಪ್ಪ
ವರ್ಷಕ್ಕೆರಡು ಕೊಂಡಿ ಸೇರಿಸಿ ಉದ್ದ ಮಾಡಿದ್ದು.
ದೊರೆಗೆ ಎರಡು ಕೊಂಡಿಯಂತೆ ನಾನು ಕತ್ತರಿಸುತ್ತ ಬಂದೆ.
ಪೇಟೆಯಲ್ಲಿ ಚಿಲ್ಲರೆ ಬೆಳ್ಳಿ ಸಿಗುತ್ತಲ್ಲ, ಅಂದಳು ಏಲಿಯಮ್ಮ ಟೀಚರ್.
ಸಿಗುತ್ತಿತ್ತು.

ಈಗ ಹನ್ನೊಂದು ಮಂದಿ,
ಹಾಲಿನಪುಡಿಯ ಡಬ್ಬಿಯಲ್ಲಿ, ಹತ್ತಿಯ ಮೇಲೆ.
ಒಬ್ಬನ ಕೆನ್ನೆಗೆ ಅಡ್ಡ ಉಳಿಯ ಗಾಯ.
ಬಲ್ಲವರು ಮುಖ ಸಿಂಡರಿಸಿ ಬೆಲೆ ಇಳಿಸುವುದು ಅದಕ್ಕೇ,
ನನಗೆ ಅವನೇ ಹೆಚ್ಚು.
ಆ ಕಾಲದ ಯಾವನೋ ಅಕ್ಕಸಾಲಿ
ತ್ರಾತಾರ ಎಂದು ಬರೆಸಿಕೊಂಡವನನ್ನು ನಂಬದೆ
ಒಳಗೆ ತಾಮ್ರವೇನೋ ಎಂದು ಕಡಿದು ನೋಡಿದ್ದಾನೆ.
ಭಲೇ. ನಮ್ಮವನು.

ಕಳೆದ ಜುಲೈ. ನೆರಳೂ ಬೆವರುವ ಮಧ್ಯಾಹ್ನ.
ಚೀಲ ತಡವಿ ನೋಡದೆ ಸುರಿದುಬಿಟ್ಟೆ.
ಮೂಸೆ ಕೆಂಪಗಾದ ಮೇಲೆ ಕಂಡ:
ಅಗಲ ಟೋಪಿಯ ರಾಜ, ದೊಡ್ಡ ನಾಣ್ಯ,
ಹದಿನೇಳು ಗ್ರಾಂ ಇದ್ದಾನು,
ತುಟಿಯಂಚಿನಲ್ಲಿ ಗುಟ್ಟು ಗೊತ್ತಿದ್ದವನ ನಗು.
ಇಕ್ಕುಳ ಕೈಯಲ್ಲೇ ಇತ್ತು. ಬೆಳ್ಳಿ ಆಗಲೇ ಬೆವರತೊಡಗಿತ್ತು.
ಮೊದಲು ನಗು ಹೋಯಿತು. ಆಮೇಲೆ ಮೂಗು.
ಟೋಪಿ ಮಾತ್ರ ಕೊನೆತನಕ ಟೋಪಿಯಾಗಿಯೇ ಇತ್ತು.
ನಂತರ ಎಲ್ಲ ಒಂದೇ ಕುದಿ:
ಕಾಲುಂಗುರ, ತಾಯಿತ, ದೊರೆ.

ಸಂಜೆ ತೂಕ ಸರಿಬಂತು.
ಹಾಜಿ ಮನ್ಸೂರ್ ತಲೆಯಾಡಿಸಿದರು.
ಗಟ್ಟಿಯ ಮೇಲೆ ನಾನೇ ಮುದ್ರೆ ಒತ್ತಿದೆ,
ಮೂರು ಅಂಕಿ, ಮುಖವಿಲ್ಲ.

ರೂಮಿಗೆ ಬಂದು ಕೈ ತೊಳೆಯದೆ ಉಡಿದಾರ ಎತ್ತಿ ಹಿಡಿದೆ.
ಅಪ್ಪ ಸೇರಿಸಿದ್ದೆಲ್ಲ ತೀರಿದೆ.
ಉಳಿದದ್ದು ಅಜ್ಜಿ ಕಟ್ಟಿದಷ್ಟೇ ಉದ್ದ,
ಹನ್ನೆರಡು ದಿನದ ಸೊಂಟಕ್ಕೆ ಸಾಕು.

ಗುರುವಾರ ಝರೀನ್ ಗುಲ್ ಬರುತ್ತಾನೆ.
ಕತ್ತರಿ ಎಲ್ಲಿಟ್ಟೆನೆಂದು ಹುಡುಕುತ್ತಿದ್ದೇನೆ,
ಸಿಗದಿರಲಿ ಅಂತಲೂ.