ನಾಣ್ಯದಷ್ಟು

ಮ್ಯೂನಿಕ್, ಈಸಾರ್ ಹೊಳೆಯ ದಂಡೆ, ಮೂರನೇ ಮಹಡಿ.
ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇಷ್ಟೇ:
ಅರಬಿಯಲ್ಲಿ ಬಂದದ್ದನ್ನು ಜರ್ಮನ್ನಿಗೆ ಇಳಿಸುವುದು,
ನಡುವೆ ನಾನು ಇಲ್ಲದ ಹಾಗೆ ಇರುವುದು.

ಇವತ್ತಿನ ವ್ಯಾಜ್ಯ ಉಪ್ಪುನೀರಿನದು.
ಕಂಪನಿಯ ಪೇಟೆಂಟು, ಹಕ್ಕು ಒಂದು:
ನೂರಕ್ಕೆ ಹನ್ನೆರಡರಿಂದ ಹದಿನೈದು ಪಾಲು ಉಪ್ಪು,
ಇಪ್ಪತ್ತು ನಿಮಿಷ ನೆನೆ, ಆಮೇಲೆ ಬೆಳಕು;
ಸೋರಿಯಾಸಿಸ್ಸಿನ ಹಕ್ಕಳೆ ಉದುರುವುದು.
ಹಿಂದೆ ಯಾರೂ ಮಾಡಿರಲಿಲ್ಲವಂತೆ.
ಮಾಡಿದ್ದಾರೆ ಎನ್ನಲು ಎದುರು ಪಕ್ಷ ಕರೆಸಿದ್ದು
ಮೃತ ಸಮುದ್ರದ ತಗ್ಗಿನಿಂದ ಉಮ್ ಮಿತ್ಕಾಲಳನ್ನು.
ಎಪ್ಪತ್ತೊಂದು ವಯಸ್ಸು, ಮೊದಲ ವಿಮಾನ,
ಕಾಲಿಗೆ ಮಗನ ಬೂಟು.

"ಉಪ್ಪು ಎಷ್ಟು?"
"ಸಮುದ್ರದ್ದು ಬರೀ ಉರಿ. ಸಿಹಿನೀರು ಬೆರೆಸಬೇಕು,
ಮೊಟ್ಟೆ ಬಿಡಬೇಕು. ಅದರ ನೆತ್ತಿ ನೀರಿನ ಮೇಲೆ
ನಾಣ್ಯದಷ್ಟು ಕಾಣಬೇಕು."

"ಯಾವ ನಾಣ್ಯ?" ಎಂದರು ವಕೀಲೆ ಎಂಗಲ್‌ಬ್ರೆಖ್ಟ್.
ಗೇಲಿಗಲ್ಲ; ನಿಜಕ್ಕೂ ಬೇಕಿತ್ತು ಅವರಿಗೆ, ಮಿಲಿಮೀಟರಿನಲ್ಲಿ.

ಮುದುಕಿ ತಲೆವಸ್ತ್ರದ ತುದಿಯ ಗಂಟು ಬಿಚ್ಚಿದಳು.
ಅತ್ತೆ ಕೊಟ್ಟದ್ದು, ಕಂದು ಬಣ್ಣ, ಸವೆದ ಅಂಚು.
ಮೂವರು ತೀರ್ಪುಗಾರರೂ ಮಕ್ಕಳ ಹಾಗೆ ಮುಂದೆ ಬಾಗಿದರು.
ಇಸವಿ ಇತ್ತು ಅದರ ಮೇಲೆ,
ಪೇಟೆಂಟಿಗಿಂತ ನಲವತ್ತು ವರ್ಷ ಹಿಂದಿನದು.

"ನಾಣ್ಯದ ತಾರೀಖು ಮೊಟ್ಟೆಯ ತಾರೀಖಲ್ಲ."
ಅದನ್ನೂ ಅರಬಿಗೆ ತಂದೆ.
"ಹೌದು, ಬೆಳಿಗ್ಗೆ ತಿಂಡಿಗೆ ನೋಡಿದೆ,
ನಿಮ್ಮೂರ ಮೊಟ್ಟೆಗೆ ತಾರೀಖು ಒತ್ತಿರುತ್ತೆ.
ನಮ್ಮ ಕೋಳಿಗಳು ಇನ್ನೂ ಕಲಿತಿಲ್ಲ."

ವಾಸಿಯಾದವರ ಹೆಸರು ಕೇಳಿದರು. ಬೆರಳು ಮಡಿಸಿದಳು:
ಲಾರಿ ಓಡಿಸುವ ಜದ್ವಾನ್;
ಅವನ ತಂಗಿ, ನಿಶ್ಚಯ ಮುರಿದಿದ್ದವಳು;
ಪಾಸ್‌ಪೋರ್ಟಿನ ಅಧಿಕಾರಿ, ಹೆಸರು ಹೇಳಬೇಡ ಎಂದಿದ್ದವನು.
ಹೇಳಲಿಲ್ಲ.
"ಬರೆದಿಟ್ಟದ್ದು ಏನಾದರೂ?"
"ಚರ್ಮದ ಮೇಲಿತ್ತು. ಹೋಯಿತು.
ಹೋಗಲಿ ಅಂತಲೇ ತಾನೆ ಮಾಡಿದ್ದು?"

ನನ್ನ ಕಪ್ಪು ಕೋಟಿನ ತೋಳಿನೊಳಗೆ ಮೊಣಕೈ ತುರಿಸುತ್ತಿತ್ತು.
ಮೇಜಿನ ಮೇಲೆ, ನೀರಿನ ಲೋಟದ ಪಕ್ಕ,
ಒಂದಿಷ್ಟು ಬಿಳಿ ಉದುರಿತ್ತು. ಉಪ್ಪಲ್ಲ.
ಅವಳು ನೋಡಿದಳು. ಊಟವಾದ ಮೇಲೆ ರೊಟ್ಟಿಯ ಚೂರು ತೆಗೆದ ಹಾಗೆ
ಅಂಗೈಯಿಂದ ಸವರಿ ತೆಗೆದಳು,
ಮಾತು ನಿಲ್ಲಿಸದೆ.

ಸಂಜೆ ತೀರ್ಪು: ತಿದ್ದುಪಡಿಯೊಂದಿಗೆ ಪೇಟೆಂಟು ಊರ್ಜಿತ.
ಹನ್ನೆರಡು, ಹದಿಮೂರು ಅವಳ ಮೊಟ್ಟೆಗೆ.
ಹದಿನಾಲ್ಕರಿಂದ ಹದಿನೈದು ಕಂಪನಿಗೆ.
"ಯಾರು ಗೆದ್ದರು?" ಲಿಫ್ಟಿನಲ್ಲಿ ಕೇಳಿದಳು.
ಗಂಟೆಯ ಲೆಕ್ಕದ ಸಂಬಳ ಆಗಲೇ ಮುಗಿದಿತ್ತು.
ಗೊತ್ತಿಲ್ಲ ಎಂದೆ, ನನ್ನದೇ ಮಾತಿನಲ್ಲಿ.

ರಾತ್ರಿ ಬಕೆಟ್ಟಿಗೆ ಮೂರು ಪೊಟ್ಟಣ ಉಪ್ಪು.
ಮೊಟ್ಟೆ ಬಿಟ್ಟೆ, ಕೆಂಪು ತಾರೀಖಿನದು.
ಮುಳುಗಿತು, ಯೋಚಿಸಿತು, ಎದ್ದಿತು.
ಎಷ್ಟು ಕಂಡಿತೋ, ಅಳೆಯಲು ನಾಣ್ಯವಿಲ್ಲ,
ಜೇಬಿನಲ್ಲಿ ಬರೀ ಕಾರ್ಡು.
ಮೊಣಕೈ ಇಳಿಸಿದೆ.
ಉರಿಯಿತು.
ಇನ್ನೊಂದು ಲೋಟ ಸಿಹಿನೀರು ಬೇಕು.