ಖೋ

ಐದೂವರಿಗೆ ಬೆಟಗೇರಿಯ ಮಗ್ಗ ಎದ್ದಿರತಾವ,
ನಾ ಇನ್ನೂ ಎದ್ದಿಲ್ಲ.
ಎಚ್ಚರಾಗಿ ಅರ್ಧ ತಾಸಾತು. ಆದರ
ಕೈ ಎರಡೂ ಯಾರವೋ ಅನ್ನೂಹಂಗ
ಚಾದರದ ಮ್ಯಾಲ ಬಿದ್ದಾವ,
ರಾತ್ರೋರಾತ್ರಿ ಗಂಜಿ ಹಾಕಿ
ಒಣಗಿಸಿಟ್ಟ ನೂಲಿನ ಲಡಿ.

ಮೂವತ್ತು ವರ್ಷದ ಪೀಟೀ ಅಕ್ಕೋರು ನಾನು.
'ಸಾವಧಾನ್' ಅಂದರ
ನಾಕನೂರು ಹುಡುಗೇರ ಹಿಮ್ಮಡ
ಒಮ್ಮೆಲೆ ಕೂಡತಿದ್ದವು.
ಈಗ ಹಾಸಿಗ್ಯಾಗ ಹತ್ತು ಬೆರಳಿಗೆ ಹೇಳತೇನಿ,
ಬಾಜೂಕ ಮಲಗಿದ ತಂಗಿ ಏಳಬಾರದಂತ ದನಿ ತಗ್ಗಿಸಿ:
ಏಕ್. ಹೆಬ್ಬೆರಳೊಂದು ಕೇಳತೈತಿ.
ದೋ. ಕಿರಿಬೆರಳು ಗೈರುಹಾಜರು.
ತೀನ್, ಚಾರ್.
ನಡುವಿನ ಮೂರೂ ಮಾರಿ ಊದಿಸಿಕೊಂಡು ನಿಂತಾವ
ತಡಾ ಮಾಡಿ ಬಂದು
ಗೇಟಿನ ಹೊರಗ ಉಳಿದವರಂಗ.

ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದಾಗ
ನಕ್ಕುಬಿಟ್ಟೆ, ಅವರಿಗೆ ತಿಳೀಲಿಲ್ಲ.
ಎಡಗೈಯಾಗ ಯಾವ ಗೆಣ್ಣೋ
ಬಲಗೈಯಾಗೂ ಅದೇ ಗೆಣ್ಣು.
ಈ ಪಾದಕ್ಕ ಬಂದದ್ದು ಆ ಪಾದಕ್ಕೂ.
ಇಂಥಾ ಶಿಸ್ತು ನನ್ನ ಯಾವ ಬ್ಯಾಚಿಗೂ ಬರಲಿಲ್ಲ.
ಇದಕ್ಕ ಲೆಫ್ಟು ರೈಟು ಯಾರು ಕಲಿಸಿದರೋ.

ಓಣಿಯವರ ಬಾಯಾಗ ಇದು ವಾಯು.
ಬದನಿಕಾಯಿ ಬಿಡ್ರಿ ಅಂದರು ಒಬ್ಬರು,
ಮೊಸರು ಬಿಡ್ರಿ, ಇನ್ನೊಬ್ಬರು.
'ನೌಕರೀನ ಬಿಡ್ರಲಾ' ಅಂದರು ರೇವಡಿಗಾರ ಸರ್
ಕುರ್ಚಿ ಎಳೆದುಕೊಟ್ಟು, ಭಾಳ ಪ್ರೀತಿಯಿಂದ.
ಆ ಕುರ್ಚಿ
ಮೊಣಕಾಲಿಗಿಂತ ಹೆಚ್ಚು ನೋಯತೈತಿ.

ಬಿಸಿನೀರಿನ ಬೋಗಾಣಿಯಾಗ ಕೈ ಇಳಿಸತೇನಿ,
ಎಮ್ಮಿ ಕೆರಿಗೆ ಇಳಿದಂಗ, ಸಾವಕಾಶ.
ಆಮ್ಯಾಲ ಹಿಟ್ಟಿನ ಉಂಡಿ ಹಿಸುಕೂದು,
ಐವತ್ತು ಸಲ ಈ ಕೈ, ಐವತ್ತು ಸಲ ಆ ಕೈ.
ರೊಟ್ಟಿ ಬಡಿಯೂದು ಬಿಟ್ಟು ಎರಡು ವರ್ಷ.
ಬೆರಳಿನ ಗುರುತು ಮೂಡಿದ ಆ ಉಂಡಿ
ನೇಕಾರ ಅಂಬವ್ವನ ಆಕಳಿಗೆ ಹೋಗತೈತಿ.
ಅದೇನೂ ತಕರಾರು ಮಾಡೂದಿಲ್ಲ.

ಏಳು ಪಾವಟಿಗಿ.
ಏಡಿಯಂಗ ಬಾಜೂಕ ತಿರುಗಿ ಇಳೀತೇನಿ.
ಗಟಾರದ ಹಾಸಗಲ್ಲು ದಾಟಿದ ಮ್ಯಾಲ
ಮಗ್ಗದ ಖಟಕ್ ಖಟಕ್ ಹೆಜ್ಜಿಗೆ ಸಿಗತೈತಿ,
ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಂದರ
ಮೊಣಕಾಲು ಬಿಚ್ಚತಾವ,
ಜಂಗು ಹಿಡಿದ ಚಿಲಕಕ್ಕ ಎಣ್ಣಿ ಬಿಟ್ಟಂಗ.
ಪೂರ್ತಿ ಅಲ್ಲ. ಸಾಕಷ್ಟು.

ಎಲ್ಲಾ ದಿನಾನೂ ಹಿಂಗಿಲ್ಲ.
ಸೋಮವಾರ ರಾತ್ರಿ ಹಳದಿ ಗುಳಿಗಿ,
ಮಂಗಳವಾರ ಬಾಯೆಲ್ಲ ತಾಮ್ರ.
ಹ್ವಾದ ಗುರುವಾರ ಗೆಣ್ಣು ಕೆಂಪಗ ಉರಿದು
ಚಾದರ ಸೋಕಿದರ ಜೀವ ಹೋಗತಿತ್ತು.
ಅವತ್ತು ಹೊರಗ ಹೋಗಲಿಲ್ಲ.
ಮಲಕೊಂಡಲ್ಲೇ ಒಂದು ಬೆರಳು ಆಡಿಸಿದೆ,
ಹಾಜರಿ ಪುಸ್ತಕದ ಹಿಂದಿನ ಪುಟದಾಗ ಬರದೆ:
ಹೆಬ್ಬೆರಳು, ಹಾಜರು.

ಮೈದಾನದಾಗ ಸುಣ್ಣದ ಗೆರಿ ಈಗ
ತಸ್ಲೀಮಾ ನದಾಫ ಹಾಕತಾಳ.
ಸ್ವಲ್ಪ ಸೊಟ್ಟ. ನಾ ಏನೂ ಅನ್ನೂದಿಲ್ಲ.
ಸೀಟಿ ಹಲ್ಲಾಗ ಕಚ್ಚಿಕೊಂಡು
ಹೊಸಾ ಹುಡುಗೇರಿಗೆ ಹೇಳತೇನಿ:
ಬೆನ್ನು ಮುಟ್ಟಿ ಖೋ ಅಂದಾಕಿ
ನಿನ್ನ ಜಾಗಾದಾಗ ಕೂಡತಾಳ.
ಯಾಕಂತ ಕೇಳಬ್ಯಾಡ, ಹೊಳ್ಳಿ ನೋಡಬ್ಯಾಡ,
ಏಳು.

ಹೇಳಿದ ಮಾತು ಅಂದು ಬಾಯಾಗ ಸಿಕ್ಕೊಂತು.
ನಸುಕಿನಾಗ ನನ್ನ ಹಿಂದ ಬಂದು
ಬೆನ್ನು ಮುಟ್ಟೂದು ಯಾರು ಮತ್ತ?
ಅದು ಕೂಡತೈತಿ ನಾ ಮಲಗಿದ ಜಾಗಾದಾಗ,
ನಾ ಏಳತೇನಿ.
ಕೆಲವೊಮ್ಮೆ ಹತ್ತು ಹೆಜ್ಜಿಗೇ ಹಿಡೀತೈತಿ.
ಕೆಲವೊಮ್ಮೆ ಕಂಬದ ತನಕ ಬಿಡತೈತಿ.

ಸಂಜಿಗೆ ಎಲ್ಲಾರೂ ಹೋದ ಮ್ಯಾಲ
ಕಂಬದಿಂದ ಕಂಬಕ್ಕ, ಹೊಳ್ಳಿ ಕಂಬದಿಂದ ಕಂಬಕ್ಕ
ನಡೀತೇನಿ.
ತಸ್ಲೀಮಾ ಗಡಿಯಾರ ಹಿಡಿದು ನಿಂತಾಳ,
ಅಕ್ಕೋರಿಗೆ ಸುಳ್ಳು ಹೇಳಬೇಕೋ ಬ್ಯಾಡೋ
ಅಂತ ಯೋಚನಿ ಮಾಡಿ ಅಂತಾಳ:
'ನಾಕು ನಿಮಿಷ ಹನ್ನೆರಡು ಸೆಕೆಂಡ್‌ರೀ.
ನಿನ್ನಿಗಿಂತ ತಡಾ ಆತು.'

ಬರಕೋ, ಅಂದೆ.